ಕಾರವಾರದಿಂದ ದೀವ್‌ಗೆ ಐದು ದಿನ: ಸಣ್ಣ ತೋಪಿನ ಹಡಗುಗಳ ಜಾಡಿನಲ್ಲಿ

ಈ ಪ್ರವಾಸಕ್ಕೆ ಹೇಳಿ ಮಾಡಿಸಿದ ಕಾಲ ಡಿಸೆಂಬರ್. ಮಳೆ ಮುಗಿದು ಕಡಲು ತಿಳಿಯಾಗಿರುತ್ತದೆ, ಬಿಸಿಲು ತಡೆಯುವಂತಿರುತ್ತದೆ. ಇನ್ನೊಂದು ಕಾರಣವೂ ಇದೆ. ಈ ದಾರಿಯಲ್ಲಿ ಎದುರಾಗುವ ಕಾಳಗಗಳೆಲ್ಲ ನಡೆದದ್ದು ಡಿಸೆಂಬರಿನಲ್ಲೇ: ಗೋವಾ, ದೀವ್‌ಗಳನ್ನು ಪೋರ್ಚುಗೀಸರಿಂದ ಬಿಡಿಸಿಕೊಂಡ ಕಾರ್ಯಾಚರಣೆಯಲ್ಲಿ 1961ರ 18ನೇ ತಾರೀಖು, ಪಾಕಿಸ್ತಾನದೊಂದಿಗಿನ ಯುದ್ಧದಲ್ಲಿ 1971ರ 4 ಮತ್ತು 9. ಸಮುದ್ರಯುದ್ಧದ ಜಾಗ ನೋಡಲು ಹೋದವರಿಗೆ ಕಾಣುವುದು ಬರೀ ನೀರು. ಕೋಟೆ ಕಾಳಗದಂತೆ ಇಲ್ಲಿ ಬುರುಜೂ ಉಳಿಯುವುದಿಲ್ಲ, ಗುಂಡು ತಾಗಿದ ಗೋಡೆಯೂ ಉಳಿಯುವುದಿಲ್ಲ. ಹಾಗಾಗಿ ಹೊರಡುವ ಮೊದಲೇ ಲೆಕ್ಕ ಗೊತ್ತಿರಬೇಕು: ಯಾವ ಗನ್ನಿನ ಗುಂಡು ಎಷ್ಟು ದೂರ ಹೋಗುತ್ತಿತ್ತು, ನಿಮಿಷಕ್ಕೆ ಎಷ್ಟು ಸಲ ಹಾರುತ್ತಿತ್ತು, ಎದುರಿಗಿದ್ದವರ ಗುಂಡಿನ ತೂಕ ಎಷ್ಟು. ಈ ಲೆಕ್ಕ ತಿಳಿದ ಮೇಲೆಯೇ ಕಡಿಮೆ ಬಲದ ಹಡಗಿನವರು ತೋರಿದ ಧೈರ್ಯ ಎಂಥದ್ದೆಂದು ಅರಿವಾಗುತ್ತದೆ.

ಜೊತೆಗೊಂದು ಬೈನಾಕ್ಯುಲರ್ ಇರಲಿ, 7x50 ಅಳತೆಯದು, ಅಂದರೆ ಏಳು ಪಟ್ಟು ಹಿಗ್ಗಿಸುವ, ಮುಂದಿನ ಗಾಜು 50 ಮಿ.ಮೀ. ಅಗಲದ್ದು. ಹಡಗಿನವರು ಬಹುಕಾಲದಿಂದ ಬಳಸುತ್ತ ಬಂದದ್ದು ಇದನ್ನೇ. ಹತ್ತು, ಹನ್ನೆರಡು ಪಟ್ಟು ಹಿಗ್ಗಿಸುವವು ಅಂಗಡಿಯಲ್ಲಿ ಚೆನ್ನಾಗಿ ಕಾಣುತ್ತವೆ, ಆದರೆ ಗಾಳಿ ಬೀಸುವ ದಂಡೆಯಲ್ಲಿ ಕೈ ನಡುಗಿದಷ್ಟೂ ಚಿತ್ರ ಕುಣಿಯುತ್ತದೆ. ಇನ್ನೊಂದು ಸೂತ್ರ ನೆನಪಿರಲಿ. ಕಣ್ಣು ನೀರಿನಿಂದ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತ ಎಷ್ಟು ಕಿಲೋಮೀಟರ್ ದೂರವೆಂದು ಸಿಗುತ್ತದೆ. ಮರಳಿನ ಮೇಲೆ ನಿಂತವರಿಗೆ ದಿಗಂತ ಐದು ಕಿಲೋಮೀಟರೂ ಇರುವುದಿಲ್ಲ, 30 ಮೀಟರ್ ಎತ್ತರದ ಗುಡ್ಡ ಹತ್ತಿದರೆ ಸುಮಾರು 20 ಆಗುತ್ತದೆ.

ಮೊದಲ ದಿನ: ಕಾರವಾರ

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ, ಹೆದ್ದಾರಿಯ ಬದಿಗೇ, ಮರಳಿನ ಮೇಲೆ ನಿಂತಿದೆ ಐಎನ್‌ಎಸ್ ಚಪಲ್. ರಷ್ಯಾದಲ್ಲಿ ಕಟ್ಟಿದ ಓಸಾ ವರ್ಗದ ಕ್ಷಿಪಣಿ ದೋಣಿ ಇದು. ಉದ್ದ 39 ಮೀಟರಿಗೆ ಸ್ವಲ್ಪ ಕಡಿಮೆ. 1971ರಲ್ಲಿ ಕರಾಚಿಯ ಮೇಲೆ ದಾಳಿಗೆ ಹೋಗಿದ್ದು ಇದೇ ಹಡಗು ಎಂದು ಹೇಳುವವರಿದ್ದಾರೆ. ಅದು ಸರಿಯಲ್ಲ. ಚಪಲ್ ನೌಕಾಪಡೆ ಸೇರಿದ್ದು 1976ರಲ್ಲಿ. ಕರಾಚಿಗೆ ಹೋದವು ಇದೇ ಜಾತಿಯ ಹಿಂದಿನ ಮಾದರಿಯ ನಿಪಟ್, ನಿರ್ಘಾತ್ ಮತ್ತು ವೀರ್. ಆದರೂ ಆ ರಾತ್ರಿಯನ್ನು ಊಹಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ನಮ್ಮ ಕರಾವಳಿಯಲ್ಲಿಲ್ಲ.

ಒಳಗೆ ಹೋಗುವ ಮುನ್ನ ಹೊರಗಿನಿಂದ ಒಂದು ಸುತ್ತು ಹಾಕಿ. ಎರಡೂ ಬದಿಗೆ ಎರಡೆರಡು ದೊಡ್ಡ ಗೂಡುಗಳಿವೆ, ಕ್ಷಿಪಣಿ ಇರುತ್ತಿದ್ದದ್ದು ಅವುಗಳಲ್ಲಿ. ಹಡಗಿಗೆ ಒಟ್ಟು ನಾಲ್ಕೇ ಕ್ಷಿಪಣಿ, ಕಡಲಲ್ಲಿ ಮತ್ತೆ ತುಂಬಿಕೊಳ್ಳುವ ಮಾತಿಲ್ಲ. ಮುಂದೊಂದು, ಹಿಂದೊಂದು ಜೋಡಿ ನಳಿಕೆಯ 30 ಮಿ.ಮೀ. ಗನ್ ಇದೆ. ನಾಲ್ಕು ಕ್ಷಿಪಣಿ ಹಾರಿದ ಮೇಲೆ ಉಳಿಯುವ ಆಯುಧ ಅಷ್ಟೇ. ಒಳಗೆ ಇಳಿದರೆ ದಾರಿ ಎಷ್ಟು ಇಕ್ಕಟ್ಟು ಎಂದರೆ ಭುಜ ಓರೆ ಮಾಡಿಕೊಂಡೇ ನಡೆಯಬೇಕು, ತಲೆ ತಗ್ಗಿಸದಿದ್ದರೆ ಪೈಪು ಬಡಿಯುತ್ತದೆ. ಸುಮಾರು 30 ಜನ ಇದರಲ್ಲಿ ಇರುತ್ತಿದ್ದರು.

ಬಂದರು ಕಾಯಲೆಂದು ಮಾಡಿದ ದೋಣಿಗಳು ಇವು, ದೂರದ ಓಟಕ್ಕೆ ಇಂಧನ ಸಾಲದು. ಅದಕ್ಕೇ 1971ರಲ್ಲಿ ಇವುಗಳನ್ನು ದೊಡ್ಡ ಹಡಗುಗಳಿಗೆ ಹಗ್ಗ ಕಟ್ಟಿ ದಾರಿಯ ಒಂದು ಭಾಗ ಎಳೆದೊಯ್ದರು. ಡಿಸೆಂಬರ್ 4ರ ರಾತ್ರಿ ಕರಾಚಿಯ ಹೊರಗೆ ಇವುಗಳಿಗೆ ಎದುರಾದದ್ದು ಪಾಕಿಸ್ತಾನದ ಖೈಬರ್. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಕಟ್ಟಿದ ಡಿಸ್ಟ್ರಾಯರ್ ಅದು, 4.5 ಇಂಚಿನ ಗನ್ನುಗಳಿದ್ದ ದೊಡ್ಡ ಹಡಗು. ನೋಡುವ ಕಣ್ಣಿಗೆ ಬಲಶಾಲಿ ಅದೇ. ಆದರೆ ಅದರ ಗುಂಡು ಹೋಗುವ ದೂರದ ಎರಡು ಪಟ್ಟಿಗೂ ಹೆಚ್ಚು ದೂರದಿಂದ, ಹತ್ತಿರ ಹತ್ತಿರ 40 ಕಿಲೋಮೀಟರಿನಿಂದ, ಕ್ಷಿಪಣಿ ಬರಬಲ್ಲದಾಗಿತ್ತು. ಕತ್ತಲಲ್ಲಿ ಬೆಂಕಿಯ ಬಾಲದೊಂದಿಗೆ ಬರುತ್ತಿದ್ದದ್ದನ್ನು ಖೈಬರ್‌ನವರು ವಿಮಾನವೆಂದೇ ತಿಳಿದರು, ಅದಕ್ಕೇ ವಿಮಾನನಿರೋಧಕ ಗನ್ನಿನಿಂದ ಗುಂಡು ಹಾರಿಸುತ್ತಲೇ ಇದ್ದರು. ಮೊದಲ ಕ್ಷಿಪಣಿ ಬಡಿದು ಬಾಯ್ಲರ್ ನಿಂತಿತು, ದೀಪ ಹೋಯಿತು. ಎರಡನೆಯದು ಬಂದಾಗಲೂ ಗನ್ನಿನ ಬಳಿ ಜನರಿದ್ದರು. 222 ಮಂದಿ ತೀರಿಕೊಂಡರು. ನಮ್ಮ ಗೆಲುವಿನ ರಾತ್ರಿ ಅದು, ನೌಕಾಪಡೆ ದಿನವೆಂದು ಆಚರಿಸುವುದು ಅದನ್ನೇ. ಆ ಗನ್ನಿನ ಬಳಿ ನಿಂತವರನ್ನೂ ಅದೇ ದಿನ ನೆನೆಯಬೇಕು ಎಂಬುದು ನಮ್ಮ ಭಾವನೆ.

ಮಧ್ಯಾಹ್ನ ಬಿಣಗಾ ಕಡೆ ಹೋದರೆ ಕಡಲಿನಲ್ಲಿ ಉದ್ದಕ್ಕೆ ಮಲಗಿದ ಗುಡ್ಡದಂತೆ ಕಾಣುವುದು ಅಂಜದೀವ್. ಕಾರವಾರದ ಕಣ್ಣೆದುರಿಗೇ ಇದ್ದರೂ ದ್ವೀಪ ಗೋವಾಕ್ಕೆ ಸೇರಿದ್ದು. ಈಗ ನೌಕಾನೆಲೆಯ ಒಳಗಿದೆ, ಸಾರ್ವಜನಿಕರಿಗೆ ಪ್ರವೇಶವಿಲ್ಲ. ನೆಲೆಯ ಬೇಲಿ, ಗೇಟು, ಹಡಗುಗಳತ್ತ ಕ್ಯಾಮೆರಾ ತಿರುಗಿಸಬೇಡಿ. ತಡೆದು ನಿಲ್ಲಿಸುತ್ತಾರೆ, ನಿಲ್ಲಿಸಬೇಕಾದದ್ದೇ.

1961ರ ಡಿಸೆಂಬರ್ 18ರ ಬೆಳಿಗ್ಗೆ ಐಎನ್‌ಎಸ್ ತ್ರಿಶೂಲ್‌ನ ನಾವಿಕರು ಆಗ ಪೋರ್ಚುಗೀಸರ ಕೈಯಲ್ಲಿದ್ದ ಈ ದ್ವೀಪಕ್ಕೆ ಇಳಿದರು. ಬೆಂಬಲಕ್ಕೆ ಇದ್ದದ್ದು ನಮ್ಮ ನಾಡಿನ ಹೆಸರು ಹೊತ್ತ ಕ್ರೂಸರ್ ಐಎನ್‌ಎಸ್ ಮೈಸೂರ್, 6 ಇಂಚಿನ 9 ತೋಪುಗಳ ಹಡಗು. ಅಂಥ ಬಲ ಬೆನ್ನಿಗಿದ್ದ ಮೇಲೆ ಇಳಿಯುವುದು ಸುಲಭ ಎನ್ನಿಸಬಹುದು. ಆದರೆ ತಮ್ಮವರು ದಂಡೆ ಮುಟ್ಟುವ ಹೊತ್ತಿಗೆ ದೊಡ್ಡ ತೋಪು ಸುಮ್ಮನಾಗಲೇಬೇಕು, ಇಲ್ಲದಿದ್ದರೆ ಗುಂಡು ಅವರ ಮೇಲೇ ಬೀಳುತ್ತದೆ. ಆ ಕೆಲವು ನಿಮಿಷ ತೆರೆದ ದೋಣಿಯಲ್ಲಿ ಕುಳಿತವನಿಗೆ ಕೈಯಲ್ಲಿರುವ ಬಂದೂಕಿನ ಹೊರತು ಏನೂ ಇಲ್ಲ, ಎದುರಿಗೆ ಕಲ್ಲಿನ ಮರೆಯಲ್ಲಿ ಮಷಿನ್‌ಗನ್. ಲೆಫ್ಟಿನೆಂಟ್ ಅರುಣ್ ಆಡಿಟ್ಟೊ ನೇತೃತ್ವದ ಮೊದಲ ತಂಡ ದಂಡೆ ಸೇರಿತು. ಹಿಂದೆ ಬಂದ ದೋಣಿಗಳ ಮೇಲೆ ಗುಂಡಿನ ಮಳೆ ಸುರಿಯಿತು. ಅವುಗಳ ಹೊಣೆ ಹೊತ್ತಿದ್ದ ಗನ್ನರ್ ಕೆಲ್ಮನ್ ತೊಡೆಗೆ ಗುಂಡು ಬಿದ್ದರೂ ದೋಣಿಯನ್ನು ದಡ ಮುಟ್ಟಿಸಿದರು. ಏಳು ನಾವಿಕರು ಇಲ್ಲಿ ಪ್ರಾಣ ಕೊಟ್ಟರು. ದ್ವೀಪ ಪೂರ್ತಿ ಶರಣಾದದ್ದು ಮರುದಿನ.

ಎರಡನೇ ದಿನ: ಮುರ್ಮಗೋವಾ, ದೋನಾ ಪಾವ್ಲಾ, ಬಾಂಬೋಳಿ

ಕಾರವಾರದಿಂದ ವಾಸ್ಕೊಗೆ ಸುಮಾರು 90 ಕಿಲೋಮೀಟರ್. ಬೆಳಿಗ್ಗೆ ಏಳಕ್ಕೆ ಬಿಟ್ಟರೆ ದಾರಿಯಲ್ಲಿ ತಿಂಡಿ ಮುಗಿಸಿ ಹತ್ತಕ್ಕೆ ಬೊಗ್ಮಾಳೊ ರಸ್ತೆಯ ನೌಕಾ ವಾಯುಯಾನ ಸಂಗ್ರಹಾಲಯ ತಲುಪಬಹುದು. ಸೋಮವಾರ ರಜೆ. ಒಂದು ಗಂಟೆ ಸಾಕು, ಏಕೆಂದರೆ ಈ ದಿನದ ನಿಜವಾದ ಕೆಲಸವಿರುವುದು ಜುವಾರಿ ಅಳಿವೆಯ ಎರಡೂ ದಂಡೆಗಳಲ್ಲಿ.

ದೋನಾ ಪಾವ್ಲಾ ಧಕ್ಕೆಯ ತುದಿಯಲ್ಲಿ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ಎದುರು ದಂಡೆಯಲ್ಲಿ ಮುರ್ಮಗೋವಾ ಬಂದರಿನ ಕ್ರೇನುಗಳು, ಬಲಕ್ಕೆ ತೆರೆದ ಕಡಲು, ಎಡಕ್ಕೆ ಒಳಗೊಳಗೆ ಕಿರಿದಾಗುತ್ತ ಹೋಗುವ ಅಳಿವೆ. ಕಾಳಗ ನಡೆದದ್ದು ಇಷ್ಟರಲ್ಲೇ. 18ರ ಮಧ್ಯಾಹ್ನ 12ರ ಸುಮಾರಿಗೆ ಒಳಗೆ ಲಂಗರು ಹಾಕಿದ್ದದ್ದು ಪೋರ್ಚುಗೀಸರ ಅಫೊನ್ಸೊ ಡಿ ಅಲ್ಬುಕರ್ಕ್, ಬಲಗಡೆಯಿಂದ ಬಂದವು ನಮ್ಮ ಬೇತ್ವಾ ಮತ್ತು ಬಿಯಾಸ್. ಬೇತ್ವಾದ ಕಮಾಂಡರ್ ಆರ್.ಕೆ.ಎಸ್. ಗಾಂಧಿ, ಅಲ್ಬುಕರ್ಕ್‌ನ ಕ್ಯಾಪ್ಟನ್ ಅಂತೋನಿಯೊ ಡ ಕುನ್ಹಾ ಅರಗಾವ್.

ಅಲ್ಬುಕರ್ಕ್ 1930ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಕಟ್ಟಿಸಿದ ಹಡಗು, ಆಗಲೇ ಕಾಲು ಶತಮಾನ ದಾಟಿತ್ತು. 120 ಮಿ.ಮೀ.ಯ ನಾಲ್ಕು ಒಂಟಿ ಗನ್, ಮುಂದೆರಡು ಹಿಂದೆರಡು. ಪ್ರತಿ ಗುಂಡನ್ನೂ ಮನುಷ್ಯರೇ ಎತ್ತಿ ತುಂಬಬೇಕು. ನಮ್ಮ ಎರಡು ಹಡಗುಗಳಲ್ಲಿ ತಲಾ ನಾಲ್ಕು 4.5 ಇಂಚಿನ ಗನ್, ಜೋಡಿ ಗೋಪುರಗಳಲ್ಲಿ, ರಾಡಾರ್ ಗುರಿಯೊಂದಿಗೆ. ನಳಿಕೆಯ ಅಳತೆಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ, 4.5 ಇಂಚೆಂದರೆ 114 ಮಿ.ಮೀ. ಕಡಿಮೆ ಬಿದ್ದದ್ದು ವೇಗ. ಪೋರ್ಚುಗೀಸರ ಗನ್ ನಿಮಿಷಕ್ಕೆ ಎರಡು ಸಲ ಹಾರುತ್ತಿದ್ದ ಹೊತ್ತಿಗೆ ನಮ್ಮದು ಹದಿನಾರು ಸಲ ಹಾರಬಲ್ಲದಾಗಿತ್ತು. ಗನ್ನಿಗೆ ಗನ್ ಲೆಕ್ಕ ಹಿಡಿದರೆ ಒಂದಕ್ಕೆ ಎಂಟು. ನಮ್ಮ ಗನ್ನುಗಳ ಸಂಖ್ಯೆಯೂ ಎರಡು ಪಟ್ಟು, ಆದ್ದರಿಂದ ಒಂದಕ್ಕೆ ಹದಿನಾರು.

ಇನ್ನೊಂದು ತೊಡಕು ಜಾಗದ್ದು. ನಾಲ್ಕೂ ಗನ್ ಒಟ್ಟಿಗೆ ಹಾರಬೇಕಾದರೆ ಹಡಗು ಶತ್ರುವಿಗೆ ಅಡ್ಡಲಾಗಿ ತಿರುಗಬೇಕು, ಆಗ ಗುರಿಯೂ ಅಷ್ಟು ಉದ್ದವಾಗುತ್ತದೆ. ಮುಖ ಕೊಟ್ಟು ನಿಂತರೆ ಗುರಿ ಚಿಕ್ಕದು, ಆದರೆ ಹಾರುವುದು ಎರಡೇ ಗನ್. ತೆರೆದ ಕಡಲಿನಲ್ಲಾದರೆ ಆಚೆ ಈಚೆ ಸೊಟ್ಟಗೆ ಓಡಿ ಗುರಿ ತಪ್ಪಿಸಬಹುದು. ಅಳಿವೆಯಲ್ಲಿ ಎರಡೂ ಕಡೆ ಮರಳುದಿಣ್ಣೆ. ಹಾಗಿದ್ದೂ ಅರಗಾವ್ ಲಂಗರೆತ್ತಿ ಮುಂದೆ ಸಾಗಿದರು. ಹಡಗು ನಿಂತಲ್ಲೇ ನಿಂತು ಗುಂಡು ತಿನ್ನುವುದಕ್ಕಿಂತ ಅದೇ ಮೇಲು. ಲಿಸ್ಬನ್ನಿನಿಂದ ಪೋರ್ಚುಗಲ್ಲಿನ ಸರ್ವಾಧಿಕಾರಿ ಸಲಾಜಾರ್ ಕಳುಹಿಸಿದ್ದ ಆಜ್ಞೆಯಂತೂ ಮೊದಲೇ ಬಂದಿತ್ತು: ಶರಣಾಗತಿ ಕೂಡದು, ಗೆದ್ದ ಇಲ್ಲವೇ ಸತ್ತ ಸೈನಿಕರು, ನಾವಿಕರು ಮಾತ್ರ ಇರಬೇಕು.

ಕೆಲವೇ ನಿಮಿಷದಲ್ಲಿ ಒಂದು ಗುಂಡು ಗುರಿನಿಯಂತ್ರಣದ ಗೋಪುರಕ್ಕೆ ಬಿತ್ತು. ಇದರ ಅರ್ಥ ತಿಳಿದುಕೊಳ್ಳಬೇಕು. ದೂರ ಅಳೆದು, ಶತ್ರುವಿನ ವೇಗ ಲೆಕ್ಕ ಹಾಕಿ, ನಾಲ್ಕೂ ಗನ್ನಿಗೆ ಒಂದೇ ಕೋನ ಹೇಳುವ ಜಾಗ ಅದು. ಅದು ಹೋದರೆ ಪ್ರತಿ ಗನ್ನಿನವನೂ ತನ್ನ ಕಣ್ಣಿನಿಂದ, ತನ್ನ ಅಂದಾಜಿನಿಂದ ಹೊಡೆಯಬೇಕು. ಯಾರ ಗುಂಡು ಎಲ್ಲಿ ಬಿತ್ತೆಂದು ಗುರುತಿಸಿ ತಿದ್ದುವುದೂ ಕಷ್ಟ, ನೀರಿನ ಕಂಬಗಳೆಲ್ಲ ಒಂದೇ ಥರ ಏಳುತ್ತವೆ. ಆಮೇಲೆ ಹಡಗಿನ ನೆತ್ತಿಯ ಮೇಲೆಯೇ ಒಂದು ಗುಂಡು ಸಿಡಿದು ರೇಡಿಯೊ ವಿಭಾಗದವರೊಬ್ಬರು ಸತ್ತರು, ಅರಗಾವ್ ತೀವ್ರವಾಗಿ ಗಾಯಗೊಂಡರು. ಅಧಿಕಾರ ಅವರ ಕೈಕೆಳಗಿನ ಅಧಿಕಾರಿ ಪಿಂಟೊ ಡ ಕ್ರೂಜ್ ಕೈಗೆ ಬಂತು. ಎಂಜಿನ್ ಕೆಟ್ಟಿತು. ಇನ್ನು ಹಡಗು ಉಳಿಯದೆಂದು ಗೊತ್ತಾದಾಗ ಅದನ್ನು ತಿರುಗಿಸಿ ಬಾಂಬೋಳಿಯ ಮರಳಿಗೆ ಏರಿಸಿದರು. ಕಾಲುವೆಯ ನಡುವೆ ಮುಳುಗಿದ್ದರೆ ಗಾಯಾಳುಗಳೂ ಮುಳುಗುತ್ತಿದ್ದರು.

ಮೇಲೇರಿಸಿದ ಬಿಳಿ ಬಾವುಟ ಕಂಬಕ್ಕೆ ಸುತ್ತಿಕೊಂಡು ಕಾಣದೇ ಹೋಯಿತು, ಆ ಹೊತ್ತಿನಲ್ಲೂ ಗುಂಡು ಬೀಳುತ್ತಿತ್ತು. ಆರಂಭದಿಂದ ಇಲ್ಲಿಯವರೆಗೆ ಮುಕ್ಕಾಲು ಗಂಟೆ. ಅಷ್ಟರಲ್ಲಿ ಅಲ್ಬುಕರ್ಕ್ ಸುಮಾರು 400 ಗುಂಡು ಹಾರಿಸಿತ್ತೆಂದು ಪೋರ್ಚುಗೀಸರ ಕಡೆಯ ಲೆಕ್ಕ.

ದೋನಾ ಪಾವ್ಲಾದಿಂದ ಬಾಂಬೋಳಿ ಬೀಚಿಗೆ ಕಾರಿನಲ್ಲಿ ಕಾಲು ಗಂಟೆ. ನೀರು ಇಳಿದಿರುವಾಗ ಹೋಗಿ, ಭರತ–ಇಳಿತದ ವೇಳೆಯನ್ನು ಮುನ್ನಾದಿನವೇ ನೋಡಿಟ್ಟುಕೊಳ್ಳಿ. ಇಳಿತದಲ್ಲಿ ದಂಡೆ ಎಷ್ಟು ಮೆಲ್ಲಗೆ ಆಳವಾಗುತ್ತದೆಂದು ಕಾಣುತ್ತದೆ, ಹಡಗು ಏರಿಸಲು ಈ ಜಾಗ ಏಕೆ ಎಂಬುದೂ ತಿಳಿಯುತ್ತದೆ. ಅಲ್ಬುಕರ್ಕ್ ಮರುವರ್ಷದವರೆಗೂ ಇಲ್ಲೇ ಬಿದ್ದಿತ್ತು. ಆಮೇಲೆ ಮುಂಬಯಿಗೆ ಎಳೆದೊಯ್ದು ಗುಜರಿಗೆ ಮಾರಿದರು.

ಮೂರನೇ ದಿನ: ರೈಲಿನಲ್ಲಿ

ತಿರುವನಂತಪುರದಿಂದ ವೆರಾವಳಕ್ಕೆ ಕೊಂಕಣ ಮಾರ್ಗವಾಗಿ ವಾರಕ್ಕೊಮ್ಮೆ ರೈಲಿದೆ. ಆ ದಿನಕ್ಕೆ ಹೊಂದುವಂತೆ ಉಳಿದ ದಿನಗಳನ್ನು ಕೂಡಿಸಿಕೊಳ್ಳಿ. ಮಡಗಾಂವ್‌ನಲ್ಲಿ ಹತ್ತಿದರೆ ಬದಲಾಯಿಸುವ ಗೋಜಿಲ್ಲ. ವೆರಾವಳದಿಂದ ಊನಾ ಮೂಲಕ ದೀವ್‌ಗೆ ಸುಮಾರು 90 ಕಿಲೋಮೀಟರ್, ಬಸ್ಸೂ ಇದೆ, ಬಾಡಿಗೆ ಕಾರೂ ಸಿಗುತ್ತದೆ. ರೈಲು ತಪ್ಪಿದರೆ ಮುಂಬಯಿಗೆ ಹೋಗಿ ಅಲ್ಲಿಂದ ಮುಂದುವರಿಯಬೇಕು. ದೂರದ ಪ್ರಯಾಣ, ಊಟದ ಡಬ್ಬಿ ಕಟ್ಟಿಕೊಂಡರೆ ಒಳ್ಳೆಯದು.

ನಾಲ್ಕನೇ ದಿನ: ದೀವ್ ಕೋಟೆ

ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಕೋಟೆಗೆ ಹೋಗಬೇಕು. ಒಳಗೆ ನೆರಳು ಕಡಿಮೆ, ಹನ್ನೊಂದರ ನಂತರ ಕಲ್ಲು ಕಾಯುತ್ತದೆ. 1535ರಿಂದ ಪೋರ್ಚುಗೀಸರು ಕಟ್ಟಿದ ಕೋಟೆ, ಮೂರು ಕಡೆ ನೀರು. ಕಡಲ ಕಡೆಯ ಗೋಡೆಯ ಮೇಲೆ ನಿಂತರೆ ಅಂಥ ಎತ್ತರವಿಲ್ಲದಿದ್ದರೂ ದಿಗಂತ ಬೀಚಿನಿಂದ ಕಾಣುವುದಕ್ಕಿಂತ ಎರಡು ಮೂರು ಪಟ್ಟು ದೂರ ಸರಿಯುತ್ತದೆ.

1961ರ ಡಿಸೆಂಬರ್ 18ರಂದು ದಿಗಂತದ ಆಚೆ ಇದ್ದದ್ದು ಕ್ರೂಸರ್ ಐಎನ್‌ಎಸ್ ಡೆಲ್ಲಿ. ಈಚೆ ಇದ್ದದ್ದು ವೆಗಾ, ಎಂಟು ಜನರ ಒಂದು ಗಸ್ತು ದೋಣಿ. ಅದರ ಆಯುಧ 20 ಮಿ.ಮೀ. ಓರ್ಲಿಕಾನ್ ಗನ್. ಅದರ ಒಂದು ಗುಂಡಿನ ತೂಕ ಸುಮಾರು 120 ಗ್ರಾಂ, ಡೆಲ್ಲಿಯ 6 ಇಂಚಿನ ಗುಂಡು 50 ಕಿಲೋಗ್ರಾಂ. ವೆಗಾದ ಕಮಾಂಡರ್ ಜೋರ್ಜ್ ಒಲಿವೇರಾ ಇ ಕಾರ್ಮೊ, ಇಪ್ಪತ್ತೈದರ ಹರೆಯ. ಬೆಳಗಿನ ಜಾವ ದೊಡ್ಡ ಹಡಗನ್ನು ಕಂಡು ಹಿಂದಕ್ಕೆ ಬಂದಿದ್ದ ವೆಗಾಕ್ಕೆ, ಹೊರಗೆ ಹೋಗಿ ಕೊನೆಯ ಗುಂಡಿನವರೆಗೆ ಹೋರಾಡುವಂತೆ ಆಜ್ಞೆಯಾಯಿತು. ಅವರು ಬಿಳಿ ಸಮವಸ್ತ್ರ ತೊಟ್ಟು ಹೊರಟರೆಂದು ಹೇಳುತ್ತಾರೆ. ಏಳೂವರೆಯ ಸುಮಾರಿಗೆ ನಮ್ಮ ವಾಯುಸೇನೆಯ ಎರಡು ವಿಮಾನ ಕಾಣಿಸಿದವು, ವೆಗಾ ಗುಂಡು ಹಾರಿಸಿತು.

ಓರ್ಲಿಕಾನ್ ಗನ್ನಿನ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ಗನ್ನಿನ ಮೇಲೆ ದುಂಡನೆಯ ಡ್ರಮ್ ಕೂರುತ್ತದೆ, ಸಾಮಾನ್ಯವಾಗಿ 60 ಗುಂಡು ಹಿಡಿಯುವಂಥದ್ದು. ಗನ್ ನಿಮಿಷಕ್ಕೆ ಸುಮಾರು 450ರ ವೇಗದಲ್ಲಿ ಹಾರಿಸುತ್ತದೆ. ಅಂದರೆ ಕೈ ಬಿಡದೆ ಒತ್ತಿದರೆ ಎಂಟು ಸೆಕೆಂಡಿನಲ್ಲಿ ಡ್ರಮ್ ಖಾಲಿ. ಹೊಡೆಯುವವನು ಭುಜದ ಆಸರೆಗೆ ಒರಗಿ, ಬೆಲ್ಟು ಬಿಗಿದುಕೊಂಡು, ತನ್ನ ಮೈಯಿಂದಲೇ ಗನ್ ತಿರುಗಿಸುತ್ತಾನೆ. ಡ್ರಮ್ ಮುಗಿದಾಗ ಇನ್ನೊಬ್ಬ ಭಾರವಾದ ಹೊಸ ಡ್ರಮ್ ಎತ್ತಿ ಕೂರಿಸುವವರೆಗೆ, ಓಲಾಡುವ ದೋಣಿಯ ಮೇಲೆ, ಅವನು ಕಟ್ಟಿಕೊಂಡೇ ನಿಂತಿರಬೇಕು. ಜೆಟ್ ವಿಮಾನ ಒಂದು ಸುತ್ತು ಹಾಕಿ ಬರುವುದು ಅಷ್ಟು ಹೊತ್ತಿನಲ್ಲೇ. ವಿಮಾನಗಳು ಎರಡು ಸಲ ಎರಗಿದವು. ಕಮಾಂಡರ್ ಮತ್ತು ಗನ್ ಹಿಡಿದಿದ್ದವರು ಸತ್ತರು. ಉಳಿದವರು ಈಜಿ ದಡ ಸೇರಿ ಸೆರೆಯಾದರು.

ಈಗ ಡೆಲ್ಲಿಯ ಮಾತು. ಈ ಹಡಗು 1948ರಲ್ಲಿ ನಮ್ಮದಾಗುವ ಮೊದಲು ಅದರ ಹೆಸರು ಅಕಿಲೀಸ್. 1939ರ ಡಿಸೆಂಬರ್ 13ರಂದು ದಕ್ಷಿಣ ಅಮೆರಿಕದ ಪ್ಲೇಟ್ ನದಿಯ ಮುಖದಲ್ಲಿ ಬ್ರಿಟಿಷ್ ಹಡಗುಗಳಾದ ಎಕ್ಸೆಟರ್, ಏಜಾಕ್ಸ್ ಜೊತೆಗೂಡಿ ಜರ್ಮನಿಯ ದೊಡ್ಡ ಯುದ್ಧನೌಕೆ ಗ್ರಾಫ್ ಸ್ಪೀ ಮೇಲೆ ಬಿದ್ದ ಹಡಗು ಇದೇ. ಗ್ರಾಫ್ ಸ್ಪೀಯ 11 ಇಂಚಿನ ತೋಪಿನ ಗುಂಡು ಸುಮಾರು 300 ಕಿಲೋಗ್ರಾಂ, ಅಕಿಲೀಸ್‌ನದು ಅದೇ 50. ಮೂರೂ ಹಡಗುಗಳ ನಾಯಕ ಕಮೊಡೋರ್ ಹಾರ್ವುಡ್ ಮಾಡಿದ ಉಪಾಯ ಒಂದೇ: ಹಡಗುಗಳನ್ನು ಎರಡು ದಿಕ್ಕಿಗೆ ಬೇರೆ ಮಾಡಿದ್ದು. ಶತ್ರುವಿನ ದೊಡ್ಡ ಗೋಪುರಗಳು ಎರಡೇ ಇದ್ದವು, ಎರಡು ಕಡೆ ನೋಡಬೇಕಾದಾಗ ಅದರ ಬಲ ಹಂಚಿಹೋಯಿತು. ಆ ಕಾಳಗದಲ್ಲಿ ಸಿಡಿದ ಚೂರುಗಳು ಅಕಿಲೀಸ್‌ನ ಗುರಿನಿಯಂತ್ರಣದ ಗೋಪುರವನ್ನೇ ಹೊಕ್ಕು ನಾಲ್ವರನ್ನು ಕೊಂದವು. ಸಾರ್ಜೆಂಟ್ ಸ್ಯಾಮ್ಯುಯೆಲ್ ಟ್ರಿಂಬಲ್ ಗಾಯಗೊಂಡೂ ತನ್ನ ಜಾಗ ಬಿಡಲಿಲ್ಲ. ಆ ದಿನ ಅಕಿಲೀಸ್‌ನ ಕ್ಯಾಪ್ಟನ್ ಆಗಿದ್ದ ಎಡ್ವರ್ಡ್ ಪ್ಯಾರಿ ಮುಂದೆ ಸ್ವತಂತ್ರ ಭಾರತದ ನೌಕಾಪಡೆಯ ಮುಖ್ಯಸ್ಥರಾದರು. ಇಪ್ಪತ್ತೆರಡು ವರ್ಷದ ಹಿಂದೆ ತನ್ನದಕ್ಕಿಂತ ಆರು ಪಟ್ಟು ಭಾರದ ಗುಂಡಿಗೆ ಎದುರು ನಿಂತಿದ್ದ ಹಡಗು ದೀವ್‌ನ ಹೊರಗೆ ಬಂದಾಗ ಗುಂಡಿನ ತೂಕದಲ್ಲಿ ವೆಗಾಕ್ಕಿಂತ ನಾನೂರು ಪಟ್ಟು ಬಲಶಾಲಿಯಾಗಿತ್ತು. ಕೋಟೆಯ ಗೋಡೆಯ ಮೇಲೆ ನಿಂತು ಯೋಚಿಸಬೇಕಾದದ್ದು ಇದನ್ನೇ.

ಐದನೇ ದಿನ: ಚಕ್ರತೀರ್ಥ

ಚಕ್ರತೀರ್ಥ ಬೀಚಿನ ಪಕ್ಕದ ದಿಬ್ಬದ ಮೇಲೆ, ಕಡಲಿಗೆ ಮುಖ ಮಾಡಿ, ಗಾಜಿನ ಪೆಟ್ಟಿಗೆಯೊಳಗೆ ಒಂದು ಹಡಗಿನ ಮಾದರಿ ಇದೆ. ಅದು 1971ರ ಯುದ್ಧದಲ್ಲಿ ಮುಳುಗಿದ ನಮ್ಮ ಐಎನ್‌ಎಸ್ ಖುಕ್ರಿ. ಸ್ಮಾರಕ ಅನಾವರಣವಾದದ್ದು 1999ರ ಡಿಸೆಂಬರಿನಲ್ಲಿ. ಮಧ್ಯಾಹ್ನ ಗಾಜಿನ ಮೇಲೆ ಬಿಸಿಲು ಹೊಳೆದು ಒಳಗಿನದು ಕಾಣುವುದಿಲ್ಲ. ಬೆಳಿಗ್ಗೆ ಬೇಗ ಇಲ್ಲವೇ ಸಂಜೆ ಹೋಗಿ.

ಮಾದರಿಯನ್ನು ಹಿಂಭಾಗದಿಂದ ನೋಡಲು ಶುರು ಮಾಡಿ. ಖುಕ್ರಿಯ ಮುಖ್ಯ ಆಯುಧ ಲಿಂಬೊ ಎಂಬ ಮೂರು ನಳಿಕೆಯ ಮಾರ್ಟರ್, ಅಂಥವು ಎರಡು. ಸಬ್‌ಮರೀನ್ ಇರುವ ಕಡೆ ನೀರಿಗೆ ಬಾಂಬು ಎಸೆಯುವುದು ಅದರ ಕೆಲಸ. ಎಸೆಯುವ ದೂರ ಹೆಚ್ಚೆಂದರೆ 900 ಮೀಟರ್. ಸಬ್‌ಮರೀನಿನ ಟಾರ್ಪಿಡೊ ಎಷ್ಟೋ ಕಿಲೋಮೀಟರ್ ದೂರದಿಂದ ಬರುತ್ತದೆ. ಅಂದರೆ ಬೇಟೆಗಾರನೆಂದು ಹೊರಟ ಹಡಗು ಬೇಟೆಯ ಬಾಯಿಯ ಹತ್ತಿರದವರೆಗೆ ಹೋಗಬೇಕು. ಅದಕ್ಕೂ ಮೊದಲು ಸೋನಾರ್, ಅಂದರೆ ನೀರಿನಡಿ ಶಬ್ದದಿಂದ ಪತ್ತೆಹಚ್ಚುವ ಉಪಕರಣ, ಸಬ್‌ಮರೀನನ್ನು ಹಿಡಿಯಬೇಕು. ಬೆಚ್ಚಗಿನ ಸಮುದ್ರದಲ್ಲಿ ನೀರಿನ ಪದರಗಳ ಉಷ್ಣತೆ ಬೇರೆ ಬೇರೆ ಇರುವುದರಿಂದ ಶಬ್ದ ಬಾಗಿಹೋಗುತ್ತದೆ, ಹಡಗಿನ ಸೋನಾರಿಗೆ ಸಿಗುವುದು ಸ್ವಲ್ಪ ದೂರ ಮಾತ್ರ. ಆಳದಲ್ಲಿ ಸದ್ದಿಲ್ಲದೆ ನಿಂತ ಸಬ್‌ಮರೀನಿಗೆ ಮೇಲಿನ ಹಡಗಿನ ಪ್ರೊಪೆಲರ್ ಸದ್ದು ಬಹು ದೂರದಿಂದ ಕೇಳುತ್ತದೆ.

1971ರ ಡಿಸೆಂಬರಿನಲ್ಲಿ ದೀವ್ ಸುತ್ತ ಸಬ್‌ಮರೀನ್ ಇದೆಯೆಂದು ತಿಳಿದು ಹುಡುಕಲು ಬಂದವು ಖುಕ್ರಿ ಮತ್ತು ಕಿರ್ಪಾನ್. ಇದ್ದದ್ದು ಪಾಕಿಸ್ತಾನದ ಹಂಗೋರ್, ಫ್ರಾನ್ಸಿನಲ್ಲಿ ಕಟ್ಟಿದ ಹೊಸ ಸಬ್‌ಮರೀನ್, ಹನ್ನೆರಡು ಟಾರ್ಪಿಡೊ ಕೊಳವೆಗಳದ್ದು. ಖುಕ್ರಿಯಲ್ಲಿ ಸೋನಾರಿನ ದೂರ ಹೆಚ್ಚಿಸುವ ಪ್ರಯೋಗವೊಂದು ನಡೆದಿತ್ತು. ಅದಕ್ಕೆ ಹಡಗು ನಿಧಾನವಾಗಿ ಸಾಗಬೇಕು, ಏಕೆಂದರೆ ವೇಗ ಹೆಚ್ಚಿದಷ್ಟೂ ತನ್ನದೇ ಸದ್ದು ಕಿವಿ ಮುಚ್ಚುತ್ತದೆ. ನಿಧಾನವಾಗಿ ನೇರಕ್ಕೆ ಸಾಗುವ ಹಡಗೇ ಟಾರ್ಪಿಡೊಗೆ ಸುಲಭದ ಗುರಿಯೂ ಹೌದು. ಡಿಸೆಂಬರ್ 9ರ ರಾತ್ರಿ ಹಂಗೋರ್‌ನ ಮೊದಲ ಟಾರ್ಪಿಡೊ ಕಿರ್ಪಾನ್‌ಗೆ ಏನೂ ಮಾಡಲಿಲ್ಲ, ಎರಡನೆಯದು ಖುಕ್ರಿಯ ಅಡಿಯಲ್ಲಿ ಸಿಡಿಯಿತು.

ಸುಮಾರು ಎರಡೇ ನಿಮಿಷದಲ್ಲಿ ಖುಕ್ರಿ ಮುಳುಗಿತು. ಹಡಗು ವಾಲಿದಾಗ ಕೆಳಗಿನ ಅಂತಸ್ತಿನ ಏಣಿಗಳು ಅಡ್ಡಬೀಳುತ್ತವೆ, ದೀಪ ಆರಿರುತ್ತದೆ, ಕಿರಿದಾದ ಬಾಗಿಲಲ್ಲಿ ಒಬ್ಬೊಬ್ಬರೇ ಹೊರಬರಬೇಕು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಮೇಲೆ ಬಂದವರನ್ನು ನೀರಿಗೆ ಇಳಿಸುತ್ತ ನಿಂತರು, ತಮ್ಮ ಲೈಫ್‌ಜಾಕೆಟ್ಟನ್ನು ನಾವಿಕನೊಬ್ಬನಿಗೆ ಕೊಟ್ಟರು, ತಾವು ಹಡಗು ಬಿಡಲಿಲ್ಲ. 18 ಅಧಿಕಾರಿಗಳು, 176 ನಾವಿಕರು ಹಡಗಿನೊಂದಿಗೆ ಹೋದರು. ಉಳಿದ 67 ಮಂದಿಯನ್ನು ಮರುದಿನ ಕಚ್ಛಲ್ ಹಡಗು ಎತ್ತಿಕೊಂಡಿತು. ಮುಲ್ಲಾ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು.

ಹಡಗು ಮುಳುಗಿದ ಜಾಗ ಇಲ್ಲಿಂದ ಸುಮಾರು 40 ನಾಟಿಕಲ್ ಮೈಲಿ, ಅಂದರೆ 74 ಕಿಲೋಮೀಟರ್. ದಿಬ್ಬದ ಮೇಲಿನ ದಿಗಂತಕ್ಕೂ ಎಷ್ಟೋ ಆಚೆ.

ಅದೇ ಹೆಸರಿನ ಎರಡನೇ ಖುಕ್ರಿ, 1989ರಲ್ಲಿ ಸೇವೆಗೆ ಬಂದ ಕ್ಷಿಪಣಿ ಕಾರ್ವೆಟ್ (ಸಣ್ಣ ಯುದ್ಧನೌಕೆ), ನಿವೃತ್ತಿಯಾದ ಮೇಲೆ 2022ರ ಜನವರಿಯಲ್ಲಿ ದೀವ್ ಆಡಳಿತದ ಕೈಗೆ ಬಂತು. ಒಳಗೆ ಬಿಡುವ ಸಮಯವನ್ನು ಹೋಟೆಲಿನಲ್ಲೇ ಕೇಳಿಕೊಂಡು ಹೊರಡಿ. ಅದರ ಕ್ಷಿಪಣಿ ಕೊಳವೆಗಳನ್ನು ನೋಡಿದರೆ ಮೊದಲ ದಿನದ ಚಪಲ್ ನೆನಪಾಗುತ್ತದೆ, ಎರಡರ ಕ್ಷಿಪಣಿಯೂ ಒಂದೇ ವಂಶದ್ದು.

ಸಂಜೆ ಮತ್ತೆ ಚಕ್ರತೀರ್ಥಕ್ಕೆ ಬರುವುದಾದರೆ ಟಾರ್ಚ್ ತನ್ನಿ, ದಿಬ್ಬದಿಂದ ಇಳಿಯುವ ಹೊತ್ತಿಗೆ ಕತ್ತಲಾಗಿರುತ್ತದೆ. ಆ ಹೊತ್ತಿಗೆ ಮೀನುಗಾರರ ದೋಣಿಗಳ ದೀಪ ಕಡಲಲ್ಲಿ ಒಂದೊಂದಾಗಿ ಹತ್ತುತ್ತಿರುತ್ತವೆ.